ಕಾಲು ಎಂದರೆ ನಿನ್ನೆ

ಇಂಥ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವವನಲ್ಲ. ಬಾಗಿಲು ಹಾಕಿಕೊಂಡು ಕೂತರೂ ಅವೇ ನನ್ನ ವಿಳಾಸ ಕೇಳಿಕೊಂಡು ಬರುತ್ತವೆ. ಬಂದವು ಒಂದಾದ ಮೇಲೊಂದರಂತೆ ಬರುತ್ತಲೇ ಇರುತ್ತವೆ.

ಪುಣೆಯ ಒಂದು ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಪಾಠ ಮಾಡುತ್ತೇನೆ. ಯಾರು ಏನು ಹೇಳಿದರೂ ಮೊದಲು ನಂಬದಿರುವುದು ಆರಂಭದಲ್ಲಿ ನನ್ನ ವೃತ್ತಿಯಾಗಿತ್ತು, ಈಗ ಸ್ವಭಾವವಾಗಿದೆ. ಕಾಲೇಜಿನ ಎದುರಿಗೆ ಕರಾವಳಿಯವರದೊಂದು ಹೋಟೆಲು. ಹನ್ನೊಂದು ವರ್ಷದಿಂದ ನನ್ನ ಬೆಳಗಿನ ತಿಂಡಿ ಅಲ್ಲೇ. ಮೂಲೆಯ ಬೆಂಚು, ಎದುರಿನ ಬೆಂಚಿನ ಮೇಲೆ ಚಾಚಿದ ಕಾಲು, ಕೈಯಲ್ಲಿ ಪತ್ರಿಕೆ. ಅಲ್ಲಿಂದ ನೋಡಿದರೆ ದೋಸೆ ಭಟ್ಟರ ಕಾವಲಿ ನೇರ ಕಾಣುತ್ತದೆ.

ಭಟ್ಟರು ಹದಿನೆಂಟು ವರ್ಷದಿಂದ ಅದೇ ಕಾವಲಿಯ ಮುಂದೆ ನಿಂತವರು. ಬೆಳಿಗ್ಗೆ ಆರಕ್ಕೆ ನಿಂತರೆ ಹನ್ನೆರಡರವರೆಗೆ ಕದಲುವುದಿಲ್ಲ. ಒಂದು ದಿನ ಅವರು ಲುಂಗಿ ಮೇಲೆತ್ತಿ ಕಟ್ಟಿದ್ದಾಗ ಬಲಗಾಲು ಕಣ್ಣಿಗೆ ಬಿತ್ತು. ಮೀನಖಂಡದ ಮೇಲೆ ಯಾರೋ ನೀಲಿ ಹಗ್ಗ ಸುತ್ತಿ ಗಂಟು ಹಾಕಿದ ಹಾಗಿತ್ತು. ಹಿಮ್ಮಡಿಯ ಮೇಲಿನ ಚರ್ಮ ಸುಟ್ಟ ದೋಸೆಯ ಬಣ್ಣಕ್ಕೆ ತಿರುಗಿತ್ತು.

ಕಾಲನ್ನು ನನಗಿಂತ ಮೊದಲು ನೋಡಿದವರು ಹೋಟೆಲಿನ ಧಣಿ. ಕೆಟ್ಟ ಮನುಷ್ಯರಲ್ಲ. ಅವರು ಅಂದದ್ದು ಇಷ್ಟೇ: "ಭಟ್ರೇ, ನಾಳೆಯಿಂದ ಹಿಂದೆ ಸ್ಟೂಲಿನಲ್ಲಿ ಕೂತು ಪಾರ್ಸಲಿಗೆ ಚಟ್ನಿ ಪೊಟ್ಟಣ ಕಟ್ಟಿ. ಕಾವಲಿಗೆ ಬೇರೆ ಜನ ನೋಡ್ತೇನೆ."

ಭಟ್ಟರ ಮುಖ ನೋಡಬೇಕಿತ್ತು. ಗಲ್ಲಿಗೇರಿಸುತ್ತೇವೆ ಎಂದಿದ್ದರೆ ಇನ್ನೂ ಸಮಾಧಾನದಿಂದ ಕೇಳಿಸಿಕೊಳ್ಳುತ್ತಿದ್ದರು.

"ಚಟ್ನಿ ಕಟ್ಟುದಾ? ನಾನಾ?" ಎಂದು ನನ್ನ ಕಡೆ ತಿರುಗಿದರು. "ಮೇಷ್ಟ್ರೇ, ನೀವು ಓದಿದವರು. ಎಂತಾದರೂ ಮಾಡಿ. ನಾನು ನಿಂತೇ ಇರಬೇಕು."

ಅಲ್ಲಿಂದ ಶುರುವಾಯಿತು.

ನರ

"ಎಂತದೂ ಇಲ್ಲ ಮೇಷ್ಟ್ರೇ, ನರ ಉಬ್ಬಿದ್ದು ಅಷ್ಟೇ," ಎಂದು ಭಟ್ಟರು ಮೊದಲ ದಿನವೇ ರೋಗ ಕಂಡುಹಿಡಿದಿದ್ದರು. ನಮ್ಮಲ್ಲಿ ಚರ್ಮದ ಕೆಳಗೆ ದಾರದ ಹಾಗೆ ಕಾಣುವುದೆಲ್ಲ ನರವೇ. ರಕ್ತ ಹರಿಯುವುದೂ ನರ, ಜುಮ್ಮೆನ್ನುವುದೂ ನರ. ಇದು ರಕ್ತನಾಳ ಎಂದು ನಾನು ತಿದ್ದಿದೆ. "ಅದೇ, ನರ," ಎಂದರು.

ಹೋಟೆಲಿನಲ್ಲಿ ಮರಾಠಿ ಮಾತಾಡುವ ಒಬ್ಬ ವೇಟರ್ ಇದ್ದಾನೆ, ನಡುವಯಸ್ಸಿನವನು. ಭಟ್ಟರಿಗೂ ಅವನಿಗೂ ಸ್ನೇಹ ಗಟ್ಟಿ, ಭಾಷೆ ತೆಳು. ಭಟ್ಟರಿಗೆ ಬರುವ ಮರಾಠಿ ಒಟ್ಟು ನಲವತ್ತು ಪದ ಇರಬಹುದು. ಎಲ್ಲವೂ ಅಡುಗೆಮನೆಯವು. ಅವು ಬಿಟ್ಟು ಒಂದರಿಂದ ಐವತ್ತರವರೆಗೆ ಎಣಿಕೆ ಬರುತ್ತದೆ, ಆರ್ಡರಿಗೆ ಬೇಕಲ್ಲ.

ವೇಟರ್ ಬಂದು ಕಾಲಿಗೆ ಏನಾಗಿದೆ ಎಂದು ಕೇಳಿದ. ಭಟ್ಟರು ಕಾಲು ತೋರಿಸಿ ಗಂಭೀರವಾಗಿ, "ನರ," ಎಂದರು.

ಮರಾಠಿಯಲ್ಲಿ ನರ ಎಂದರೆ ಗಂಡು. ವೇಟರ್ ಬಗ್ಗಿ ಆ ಹಗ್ಗವನ್ನು ಎರಡು ಕಡೆಯಿಂದ ಪರೀಕ್ಷಿಸಿದ. ಹಾವಿನ ಬಗ್ಗೆ ಮಾತಾಡುತ್ತಿದ್ದಾರೆ ಎಂದುಕೊಂಡನೋ ಏನೋ. ಆಮೇಲೆ ನನ್ನನ್ನು ಕೇಳಿದ: "ಮಗ್ ಮಾದೀ ಕುಠೇ ಆಹೇ, ಸರ್?"

"ಏನಂತೆ?" ಎಂದರು ಭಟ್ಟರು.

"ಗಂಡು ಇದು, ಹಾಗಾದರೆ ಹೆಣ್ಣು ಎಲ್ಲಿ ಅಂತ ಕೇಳ್ತಿದ್ದಾನೆ."

ಭಟ್ಟರು ಎರಡು ನಿಮಿಷ ಯೋಚಿಸಿದರು. ನಂತರ ಲುಂಗಿಯ ಇನ್ನೊಂದು ಅಂಚು ಎತ್ತಿ ಎಡಗಾಲಿನ ಸಣ್ಣ ನಾಳ ತೋರಿಸಿದರು.

"ಇದೇ ಇರಬೇಕು. ಇದು ಸ್ವಲ್ಪ ಸಾಧು."

ತಿರುಗಿ ನಿಂತ ಕಾಲು

ಸ್ವಾರಗೇಟ ಬಸ್ ನಿಲ್ದಾಣದ ಹತ್ತಿರ ಒಬ್ಬ ಕೊಡೆ ಹಿಡಿದು ಎಣ್ಣೆ ಮಾರುತ್ತಾನೆ. ಉಬ್ಬಿದ ನಾಳ, ಮೊಣಕಾಲು, ಬೆನ್ನು, ಕೂದಲು, ಎಲ್ಲಕ್ಕೂ ಒಂದೇ ಬಾಟಲಿ. ರಜೆಯ ದಿನ ಭಟ್ಟರು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಓದಿದವನು ಜೊತೆಗಿದ್ದರೆ ಮೋಸ ಮಾಡುವುದಿಲ್ಲ ಎಂಬುದು ಅವರ ನಂಬಿಕೆ.

ಅವನ ಹಿಂದೆ ದೊಡ್ಡ ಫ್ಲೆಕ್ಸು. ಎಡಬದಿಗೆ "ಮೊದಲು" ಎಂದು ಬರೆದು ಒಂದು ಭಯಂಕರ ಕಾಲು. ಬಲಬದಿಗೆ "ನಂತರ" ಎಂದು ಬರೆದು ಬಾಳೆದಿಂಡಿನಂಥ ಕಾಲು. ಭಟ್ಟರು ಕೈಮುಗಿಯುವುದೊಂದು ಬಾಕಿ.

ನಾನು ಹತ್ತಿರ ಹೋಗಿ ಹೆಬ್ಬೆರಳು ಯಾವ ಕಡೆಗಿದೆ ಎಂದು ನೋಡಿದೆ. ಮೊದಲಿನದು ಬಲಗಾಲು. ನಂತರದ್ದು ಎಡಗಾಲು.

"ಇದು ಬೇರೆ ಕಾಲು," ಎಂದೆ ಹಿಂದಿಯಲ್ಲಿ.

ಎಣ್ಣೆಯವನು ತಿರುಗಿಯೂ ನೋಡಲಿಲ್ಲ. ಅವನಿಗೆ ಈ ಪ್ರಶ್ನೆ ಹೊಸದಲ್ಲ ಎಂದು ಕಾಣುತ್ತದೆ. "ಅದೇ ಮನುಷ್ಯ, ಸಾಹೇಬ್. ಗುಣವಾದ ಖುಷಿಯಲ್ಲಿ ಫೋಟೋಕ್ಕೆ ತಿರುಗಿ ನಿಂತುಬಿಟ್ಟ."

"ಎಷ್ಟು ತಿರುಗಿದರೂ ಬಲಗಾಲು ಎಡಗಾಲಾಗುವುದಿಲ್ಲ."

"ಎಣ್ಣೆಯ ಶಕ್ತಿ ಗೊತ್ತಿಲ್ಲ ನಿಮಗೆ."

ಭಟ್ಟರು ಎರಡು ಬಾಟಲಿ ತೆಗೆದುಕೊಂಡರು. ದಾರಿಯುದ್ದಕ್ಕೂ ಬಾಟಲಿಯ ಮೇಲಿನ ಅಕ್ಷರ ಓದಲು ಯತ್ನಿಸುತ್ತಿದ್ದರು. ಒಂದು ತಿಂಗಳು ತಿಕ್ಕಿದರು. ಕಾಲು ಹಾಗೇ ಇತ್ತು, ಮೇಲಿಂದ ತುರಿಕೆ ಬಂತು.

"ಎಣ್ಣೆ ಏನಾಯಿತು?" ಎಂದು ಕೇಳಿದೆ.

"ಅಡ್ಡಿಲ್ಲ, ಎಣ್ಣೆ ಒಳ್ಳೆದೇ ಮಾರಾಯ್ರೆ," ಎಂದರು ಭಟ್ಟರು. "ಅಡುಗೆಮನೆ ಬಾಗಿಲು ಹದಿನೆಂಟು ವರ್ಷದಿಂದ ಕಿರುಚುತ್ತಿತ್ತು. ಎರಡೇ ದಿನದಲ್ಲಿ ಗುಣ ಆಯ್ತು."

ಕಾಲು

ಕೊನೆಗೆ ಆಸ್ಪತ್ರೆಗೆ ಹೋಗುವುದೆಂದು ತೀರ್ಮಾನವಾಯಿತು. ನನಗೆ ಆಸ್ಪತ್ರೆಗಳ ಮೇಲೂ ವಿಶೇಷ ವಿಶ್ವಾಸವಿಲ್ಲ. ಆದರೆ ಅಲ್ಲಿ ಕನಿಷ್ಠ ಎಡಗಾಲು ಬಲಗಾಲಿನ ವ್ಯತ್ಯಾಸ ಗೊತ್ತಿರುತ್ತದೆ. ಧಣಿ ಒಂದು ಷರತ್ತು ಹಾಕಿದ್ದರು: "ನಿಂತು ಕೆಲಸ ಮಾಡಬಹುದು ಅಂತ ಡಾಕ್ಟರ್ ಬರೆದು ಕೊಡಲಿ. ಕಾವಲಿ ನಿಮ್ಮದೇ. ಬರೆಯದಿದ್ದರೆ ಸ್ಟೂಲು."

ಭಟ್ಟರನ್ನು ಬಾಗಿಲಲ್ಲಿ ಇಳಿಸಿ ನಾನು ಸ್ಕೂಟರ್ ನಿಲ್ಲಿಸಲು ಜಾಗ ಹುಡುಕಿದೆ. ಪುಣೆಯಲ್ಲಿ ಇದಕ್ಕೆ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷದಲ್ಲಿ ಒಳಗೆ ನಡೆದದ್ದನ್ನು ನಾನು ಆಮೇಲೆ ಇಬ್ಬರ ಬಾಯಿಂದಲೂ ಕೇಳಿ ಜೋಡಿಸಿದ್ದೇನೆ.

ಮೇಜಿನ ಹಿಂದೆ ಒಬ್ಬರು ಡಾಕ್ಟರಮ್ಮ. ಚುರುಕಾದವರು, ಕನ್ನಡ ಬಾರದು. ಏನು ತೊಂದರೆ ಎಂದು ಮರಾಠಿಯಲ್ಲಿ ಕೇಳಿದರು.

"ಕಾಲು," ಎಂದರು ಭಟ್ಟರು.

ಮರಾಠಿಯಲ್ಲಿ ಕಾಲ್ ಎಂದರೆ ನಿನ್ನೆ. ಡಾಕ್ಟರಮ್ಮ ಪೆನ್ನು ಎತ್ತಿದರು. "ಕಾಲ್? ಕಾಲ್ ಕಾಯ್ ಝಾಲಂ?" ನಿನ್ನೆ ಏನಾಯಿತು ಎಂದು ಅವರ ಪ್ರಶ್ನೆ. ಕಾಲಿಗೆ ಏನಾಯಿತು ಎಂದು ಭಟ್ಟರಿಗೆ ಕೇಳಿಸಿತು. ಈ ಹೆಂಗಸಿಗೆ ಸ್ವಲ್ಪ ಕನ್ನಡ ಬರುತ್ತದೆ ಎಂದು ಅವರಿಗೆ ಸಂತೋಷವೇ ಆಯಿತು.

"ಫುಗ್ಲಾ," ಎಂದರು. ಉಬ್ಬಿತು. ಪೂರಿಯಿಂದ ಕಲಿತ ಪದ. "ಕಾಳಾ ಝಾಲಾ." ಕಪ್ಪಾಯಿತು. ಸೀದ ದೋಸೆ ವಾಪಸ್ಸು ಬಂದಾಗಲೆಲ್ಲ ಕೇಳಿದ ಪದ.

"ಕಾಲ್ ಪಾಸೂನ್?" ನಿನ್ನೆಯಿಂದಲೇ?

"ಹೋ, ಕಾಲ್ ಪಾಸೂನ್," ಎಂದು ಭಟ್ಟರು ಹಿಮ್ಮಡಿಯಿಂದ ಮೊಣಕಾಲಿನವರೆಗೆ ಕೈಯಾಡಿಸಿ ತೋರಿಸಿದರು. ಕಾಲಿನಿಂದ ಶುರುವಾಗಿ ಇಲ್ಲಿಯವರೆಗೆ.

"ಆಧೀ?" ಅದಕ್ಕೂ ಮೊದಲು?

ಆಧೀ ಪದ ಭಟ್ಟರಿಗೆ ಚೆನ್ನಾಗಿ ಗೊತ್ತು. ಗಿರಾಕಿಗಳು "ಆಧೀ ಮಾಝಾ" ಎಂದು ಕೂಗುತ್ತಾರೆ, ಮೊದಲು ನನ್ನ ದೋಸೆ ಎಂದು. "ಆಧೀ ಹಾ," ಎಂದು ಬಲಗಾಲು ತೋರಿಸಿದರು. "ಮಗ್ ಹಾ," ಎಂದು ಎಡಗಾಲು. ಮೊದಲು ಇದು, ಆಮೇಲೆ ಇದು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಎದ್ದರು. ಒಂದೇ ದಿನದಲ್ಲಿ ಕಾಲು ಹೀಗೆ ಊದಿ ಕಪ್ಪಾದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು ಎಂಬ ಭಯ. ಅದು ಸರಿಯಾದ ಭಯವೇ, ಅಂಥದ್ದು ಜೀವಕ್ಕೇ ಅಪಾಯ. ಒಂದು ಹೆಜ್ಜೆಯೂ ನಡೆಯಬಾರದು ಎಂದು ಗಾಲಿಕುರ್ಚಿ ತರಿಸಿದರು.

ನಾನು ಒಳಗೆ ಬಂದಾಗ ಭಟ್ಟರು ಗಾಲಿಕುರ್ಚಿಯಲ್ಲಿ ಕೂತು, ಸ್ಕ್ಯಾನಿಗೆ ಕಾದು ಕೂತಿದ್ದ ಅಷ್ಟೂ ಜನರ ಮುಂದೆ ಮೆರವಣಿಗೆ ಹೋಗುತ್ತಿದ್ದರು. ನನ್ನನ್ನು ಕಂಡು ಕೈ ಬೀಸಿದರು.

ನಾನು ಡಾಕ್ಟರಮ್ಮನ ಹತ್ತಿರ ಓಡಿದೆ. "ಇದು ಹದಿನೆಂಟು ವರ್ಷದ ಕಾಲು."

"ಪೇಶಂಟು ನಿನ್ನೆಯಿಂದ ಅಂತ ಮೂರು ಸಲ ಹೇಳಿದ್ದಾರೆ."

"ಅವರು ಹೇಳಿದ್ದು ಕಾಲು."

"ಅದೇ. ಕಾಲ್."

ನಾನು ಗಾಲಿಕುರ್ಚಿಯ ಹಿಂದೆ ಹೋದೆ. "ಭಟ್ರೇ, ಎಷ್ಟು ವರ್ಷದಿಂದ ಅಂತ ಸರಿಯಾಗಿ ಹೇಳಿ ಇವರಿಗೆ."

"ಶ್, ಸುಮ್ಮನಿರಿ," ಎಂದರು ಭಟ್ಟರು. "ಹತ್ತು ಜನರನ್ನು ದಾಟಿಸಿದ್ದಾರೆ. ಕುರ್ಚಿಯೂ ಒಳ್ಳೆದುಂಟು."

ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ರೋಗಿ ಒಂದು ಹೇಳುತ್ತಾನೆ, ಜೊತೆಗೆ ಬಂದವನು ಇನ್ನೊಂದು. ಏನೋ ಬರೆದುಕೊಂಡರು. ಪರೀಕ್ಷಾ ಕೊಠಡಿಗಳಲ್ಲಿ ಆಯುಷ್ಯ ಕಳೆದವನಿಗೆ ತಲೆಕೆಳಗಾದ ಅಕ್ಷರ ಓದುವುದು ಕಷ್ಟವಲ್ಲ. ಕೇಸ್ ಪೇಪರಿನ ಒಂದು ಸಾಲಿನಲ್ಲಿ ಹೀಗಿತ್ತು: ಮಾಹಿತಿ ಕೊಟ್ಟವರು, ಜೊತೆಗೆ ಬಂದ ವ್ಯಕ್ತಿ. ನಂಬಲರ್ಹರಲ್ಲ.

ಜೀವನವಿಡೀ ಇನ್ನೊಬ್ಬರನ್ನು ನಂಬದೆ ಬಂದವನಿಗೆ ಇದನ್ನು ಲಿಖಿತದಲ್ಲಿ ನೋಡುವುದು ಸುಖದ ಅನುಭವವಲ್ಲ.

ಸ್ಕ್ಯಾನಿನಲ್ಲಿ ಹೆಪ್ಪು ಇರಲಿಲ್ಲ. ಇದ್ದದ್ದು ನಾವು ತಂದ ರೋಗವೇ. ಡಾಕ್ಟರಮ್ಮ ಬೆರಳಿನಿಂದ ಚಿತ್ರ ಬರೆದು ವಿವರಿಸಿದರು: ಕಾಲಿನ ರಕ್ತ ಮೇಲೆ ಹತ್ತಬೇಕು, ದಾರಿಯಲ್ಲಿ ಸಣ್ಣ ಸಣ್ಣ ಕವಾಟಗಳಿವೆ, ಹತ್ತಿದ್ದು ಇಳಿಯದ ಹಾಗೆ ತಡೆಯಲು. ಅವು ಸಡಿಲವಾದರೆ ರಕ್ತ ಕೆಳಗೇ ನಿಲ್ಲುತ್ತದೆ, ನಾಳ ಉಬ್ಬುತ್ತದೆ, ಚರ್ಮ ಕೆಡುತ್ತದೆ. ಹೀಗೇ ಬಿಟ್ಟರೆ ಮಾಯದ ಹುಣ್ಣಾಗುತ್ತದೆ. ಮೀನಖಂಡವೇ ಪಂಪು. ನಡೆದರೆ ಅದು ಕೆಲಸ ಮಾಡುತ್ತದೆ, ಅಲುಗಾಡದೆ ನಿಂತರೆ ನಿಲ್ಲುತ್ತದೆ.

ನಾನು ಎಲ್ಲಿ ತಪ್ಪು ಹಿಡಿಯಬಹುದು ಎಂದು ನೋಡುತ್ತಿದ್ದೆ. ಸಿಗಲಿಲ್ಲ. ದ್ರವದ ಕಂಬ ಎತ್ತರವಾದಷ್ಟು ತಳದಲ್ಲಿ ಒತ್ತಡ ಹೆಚ್ಚು ಎಂದು ವರ್ಷಾ ವರ್ಷಾ ಹಲಗೆಯ ಮೇಲೆ ಬರೆದವನು ನಾನೇ. ಅದರ ತಳದಲ್ಲಿ ಭಟ್ಟರನ್ನು ಇಟ್ಟು ಯೋಚಿಸಿರಲಿಲ್ಲ.

ಡಾಕ್ಟರಮ್ಮ ಪಾದದ ನಾಡಿ ನೋಡಿ, ಬಿಗಿ ಸಾಕ್ಸ್ ಬರೆದುಕೊಟ್ಟರು. ನಡಿಗೆ, ಹಿಮ್ಮಡಿ ಎತ್ತುವ ವ್ಯಾಯಾಮ, ಮಲಗುವಾಗ ಕಾಲು ಮೇಲೆ. ಕೆಟ್ಟ ನಾಳವನ್ನು ಮುಂದೆ ಲೇಸರಿನಿಂದ ಮುಚ್ಚಬೇಕಾಗಬಹುದು. ಮೂರು ತಿಂಗಳು ಬಿಟ್ಟು ಬನ್ನಿ. ನಿಂತು ಕೆಲಸ ಮಾಡುವ ಚೀಟಿ? ಅದನ್ನೂ ಆವಾಗಲೇ ನೋಡೋಣ. ಬೇರೆ ಜನ ಸಿಗದ ಧಣಿ ಅಲ್ಲಿಯವರೆಗೆ ಕಾವಲಿ ಭಟ್ಟರಿಗೇ ಬಿಟ್ಟರು.

ಮರುದಿನದಿಂದ ವೇಟರ್ ಕಾಫಿ ಇಡುವಾಗಲೆಲ್ಲ ಭಟ್ಟರನ್ನು ಕೇಳತೊಡಗಿದ: "ಕಾಲ್ ಕಸಾ ಆಹೇ?" ನಿನ್ನೆ ಹೇಗಿದೆ? ಆ ಒಂದು ಪದವನ್ನು ಭಟ್ಟರು ಈ ಜನ್ಮದಲ್ಲಿ ಮರೆಯುವುದಿಲ್ಲ. ನಲವತ್ತೊಂದನೆಯದು.

ಪಾಯ

ಕಾಲು ಮೇಲಿಟ್ಟು ಮಲಗಬೇಕು ಎನ್ನುವುದನ್ನು ಡಾಕ್ಟರಮ್ಮ ಚೀಟಿಯಲ್ಲಿ ಮರಾಠಿಯಲ್ಲೇ ಬರೆದಿದ್ದರು: ಪಾಯ ವರ ಠೇವಾ. ಮಂಚದ ಕಾಲಿನ ಕಡೆಗೆ ಇಟ್ಟಿಗೆ ಕೊಡಿ ಎಂದೂ ಹೇಳಿದ್ದರು.

ಆಗ ಹೋಟೆಲಿನ ಹಿಂದಿನ ಗೋಡೆ ಕಟ್ಟುತ್ತಿದ್ದವರು ಯಾದಗಿರಿ ಕಡೆಯ ಒಬ್ಬ ಮೇಸ್ತ್ರಿ. ಯೆರವಡಾದಿಂದ ದಿನಾ ಬರುತ್ತಿದ್ದರು. ಇಟ್ಟಿಗೆ ಅವರ ಬಳಿಯೇ ಇದ್ದವು. ಚೀಟಿ ಓದಿ ಹೇಳಿದೆ.

"ಪಾಯಾ ಮ್ಯಾಲ ಇಡ್ಬೇಕಂತೇನ್ರಿ ಸರ?" ಎಂದು ಮೇಸ್ತ್ರಿ ಕರಣೆ ಕೆಳಗಿಟ್ಟರು. "ಪಾಯಾನ ಮ್ಯಾಲ ಇಟ್ರ ಮನಿ ಎಲ್ಲಿ ಇಡೂದ್ರಿ?"

"ಮನೆ ಅಲ್ಲ. ಭಟ್ಟರ ಕಾಲು. ಮಂಚಕ್ಕೆ ಎರಡು ಇಟ್ಟಿಗೆ ಬೇಕು."

"ಹಂಗನ್ರಿ. ನೀವ್ ಹೋಗ್ರಿ ಕಾಲೇಜಿಗಿ. ನಾ ಮಾಡ್ತೀನಿ."

ಯಾರಾದರೂ "ನೀವು ಹೋಗಿ, ನಾನು ಮಾಡ್ತೇನೆ" ಎಂದರೆ ನಾನು ಹೋಗುವವನಲ್ಲ. ಅಂದು ತರಗತಿ ಇತ್ತು, ಹೋದೆ. ಒಂದು ವಾರದ ನಂತರ ಭಟ್ಟರು ಗೊಣಗಿದರು: ಇಟ್ಟಿಗೆ ಇಟ್ಟರೂ ಬೆಳಿಗ್ಗೆ ಕಾಲಿನ ಬಾವು ಹಾಗೇ ಇದೆ. ವೈದ್ಯಶಾಸ್ತ್ರದ ಮೇಲೆ ನನಗೆ ಬಂದಿದ್ದ ಅಲ್ಪ ನಂಬಿಕೆ ಅಲುಗಿತು. ಹೋಟೆಲಿನ ಮಹಡಿ ಹತ್ತಿ ಭಟ್ಟರ ಕೋಣೆಗೆ ಹೋಗಿ ನೋಡಿದೆ.

ಮಂಚದ ಕಾಲಿನ ಕಡೆ ಎರಡು ಇಟ್ಟಿಗೆ. ತಲೆಯ ಕಡೆಯೂ ಎರಡು ಇಟ್ಟಿಗೆ. ನಾಲ್ಕಕ್ಕೂ ಅಚ್ಚುಕಟ್ಟಾಗಿ ಸಿಮೆಂಟು.

ಮೇಸ್ತ್ರಿಯನ್ನು ಕರೆಸಿದೆ.

"ನೀವ್ ಹೇಳಿದಂಗ ಎರಡ ಇಟ್ಟಿದ್ನಿರಿ. ಆಮ್ಯಾಲ ರಸಮಟ್ಟ ಇಟ್ಟು ನೋಡಿದ್ರ ಗುಳ್ಳಿ ಪೂರಾ ಒಂದ ಕಡಿ ಸರದಿತ್ತು. ಮಂಚ ಓರೆ! ಇಪ್ಪತ್ತ ವರ್ಷದಾಗ ನಾ ಓರೆ ಕೆಲಸಾ ಬಿಟ್ಟು ಹೋಗಿಲ್ರಿ ಸರ. ಅದಕ್ಕ ಈ ಕಡಿನೂ ಎರಡ ಇಟ್ಟು ಸಮಾ ಮಾಡೀನಿ."

"ಓರೆಯೇ ಬೇಕಾಗಿತ್ತು ಮೇಸ್ತ್ರಿ. ಕಾಲಿನಿಂದ ರಕ್ತ ಇಳಿದು ಈ ಕಡೆ ಬರಬೇಕು."

ಮೇಸ್ತ್ರಿಯ ಮುಖ ಬೆಳಗಿತು. "ಹಂಗ ಹೇಳ್ಬೇಕಲ್ರಿ ಮೊದಲ! ಬಚ್ಚಲಕ್ಕ ಇಳಿಜಾರ ಕೊಟ್ಟಂಗ ಕೊಡ್ಬೇಕು. ಕೊಡೂಣು ಬಿಡ್ರಿ."

ಕೊಟ್ಟರು. ಈಗ ಕೆಲಸ ಪಕ್ಕಾ. ಕಾಲಿನ ಕಡೆ ಒಂದು ಹನಿ ನೀರು ಚೆಲ್ಲಿದರೂ ನೇರ ಭಟ್ಟರ ತಲೆದಿಂಬಿಗೆ ಬರುತ್ತದೆ.

ಸ್ತ್ರೀವೇಷ

ಬಿಗಿ ಸಾಕ್ಸ್ ಎಂದರೆ ಸಾಮಾನ್ಯ ಕಾಲುಚೀಲವಲ್ಲ. ಹೆಬ್ಬಾವಿನ ಬಾಯಿಗೆ ಕಾಲು ತೂರಿಸಿದ ಹಾಗೆ. ಬೆಳಿಗ್ಗೆ ಎದ್ದ ಕೂಡಲೇ, ಕಾಲು ಊದುವ ಮೊದಲು ಹಾಕಬೇಕು. ಮೊದಲ ದಿನ ಭಟ್ಟರು ಮಂಚ ಹಿಡಿದುಕೊಂಡರು, ವೇಟರ್ ಸಾಕ್ಸ್ ಹಿಡಿದು ಎಳೆದ. ಸಾಕ್ಸ್ ಬಂತು, ಜೊತೆಗೆ ಭಟ್ಟರೂ ಬಂದರು.

ಪಾದಕ್ಕೆ ಒಂದು ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಮೇಲೆ ಸಾಕ್ಸ್ ಜಾರಿಸಿ, ಬೆರಳಿನ ತುದಿಯ ರಂಧ್ರದಿಂದ ಚೀಲ ಹೊರಗೆಳೆಯಬೇಕು ಎಂದು ನಾನು ಮಾಡಿ ತೋರಿಸಿದೆ. ಒಂದೇ ಸಲಕ್ಕೆ ಕೂತಿತು. ಇದು ನಿಮಗೆ ಹೇಗೆ ಗೊತ್ತು ಎಂದು ಭಟ್ಟರು ಕೇಳಿದರು. ಘರ್ಷಣೆ, ಎಂದೆ. ಭೌತಶಾಸ್ತ್ರ.

ತೊಂದರೆ ಬಂದದ್ದು ಒಗೆದ ಮೇಲೆ. ಮೈಬಣ್ಣದ, ತೊಡೆಯವರೆಗಿನ ಎರಡು ಕಾಲುಗಳು ಹಿತ್ತಿಲ ತಂತಿಯ ಮೇಲೆ ನೇತಾಡುತ್ತಿದ್ದುದನ್ನು ಧಣಿ ನೋಡಿದರು. ಮರುದಿನವೂ ನೋಡಿದರು. ಮೂರನೆಯ ದಿನ ಕಾವಲಿಯ ಹತ್ತಿರ ಬಂದು ಸ್ವರ ತಗ್ಗಿಸಿದರು.

"ಭಟ್ರೇ, ನಿಜ ಹೇಳಿ. ಊರಿನ ಯಕ್ಷಗಾನ ಮೇಳಕ್ಕೆ ಸೇರಿದಿರಾ?"

"ಇಲ್ಲವಲ್ಲ ಧಣಿ. ಯಾಕೆ?"

"ಮತ್ತೆ ಅದು ಎಂತದು ತಂತಿಯಲ್ಲಿ? ಕೆಲಸ ಬಿಟ್ಟು ಹೋಗುದಾದರೆ ಮೊದಲೇ ಹೇಳಬೇಕು. ಅದೂ ಈ ವಯಸ್ಸಿನಲ್ಲಿ ಸ್ತ್ರೀವೇಷ!"

ಭಟ್ಟರು ಸಟ್ಟುಗ ಕೆಳಗಿಟ್ಟು ಲುಂಗಿ ಎತ್ತಿ ತೋರಿಸಿದರು. ಧಣಿ ಆ ನುಣುಪಾದ ಕಾಲುಗಳನ್ನು ನೋಡಿದರು. ಆಮೇಲೆ ಭಟ್ಟರ ಮೂರು ದಿನದ ಗಡ್ಡ, ಮಸಿ, ಬೆವರು ಹತ್ತಿದ ಮುಖ ನೋಡಿದರು.

"ಸೊಂಟದ ಕೆಳಗೆ ಸ್ತ್ರೀವೇಷ ಅಡ್ಡಿಲ್ಲ," ಎಂದರು. "ಮೇಲೆ ಮಾತ್ರ ರಾಕ್ಷಸನೇ."

ಮನೆಯಲ್ಲಿ ಈ ಕಥೆ ಹೇಳಿ ನಾನೊಬ್ಬನೇ ನಕ್ಕೆ. ನನ್ನ ಹೆಂಡತಿ ವಿಜಯಪುರದವಳು, ನಗುವ ಮೊದಲು ಲೆಕ್ಕ ಕೇಳುತ್ತಾಳೆ.

"ಅಲ್ರೀ, ಭಟ್ರು ಕಾಲ ಮುಚ್ಕೊಳ್ಳಾಕ ಡಾಕ್ಟರ್ ಚೀಟಿ ಅದ. ನೀವು ಮೇ ತಿಂಗಳದಾಗೂ ಮನ್ಯಾಗ ಮಣಕಾಲಮಟಾ ಸಾಕ್ಸ್ ಏರಿಸ್ಕೊಂಡು ಅಡ್ಡಾಡ್ತೀರಿ. ಅದಕ್ಕ ಯಾರ ಚೀಟಿ ಅದ?"

ನಾನು ಪತ್ರಿಕೆ ಓದುತ್ತಿದ್ದೆ.

ಏಳು, ಇಳಿ

ಹಿಮ್ಮಡಿ ಎತ್ತುವ ವ್ಯಾಯಾಮವನ್ನು ಭಟ್ಟರು ದೋಸೆಗೆ ಜೋಡಿಸಿದರು. ಇದು ಅವರದೇ ಸಂಶೋಧನೆ, ನಾನು ಇದರಲ್ಲಿ ಭಾಗಿಯಲ್ಲ. ಹಿಟ್ಟು ಹುಯ್ದು, ಹರಡಿ, ಎಣ್ಣೆ ಬಿಟ್ಟರೆ ಅಲ್ಲಿಂದ ಇಪ್ಪತ್ತು ಸಲ ಹಿಮ್ಮಡಿ ಎತ್ತಿ ಇಳಿಸಬೇಕು. ಇಪ್ಪತ್ತಾಯಿತು ಎಂದರೆ ದೋಸೆ ಕೆಂಪಾಗಿರುತ್ತದೆ. ನಾನು ಅನುಮಾನದಿಂದ ಗಡಿಯಾರ ಹಿಡಿದು ನೋಡಿದೆ. ಒಂದು ದೋಸೆಯೂ ಸೀಯಲಿಲ್ಲ.

ಆದರೆ ನೋಡುವವರಿಗೆ ಸೊಂಟದವರೆಗಿನ ಕಟ್ಟೆಯ ಹಿಂದೆ ಒಬ್ಬ ಗಂಭೀರ ಮುಖದ ಮನುಷ್ಯ ಮೇಲೆ ಕೆಳಗೆ ಆಡುತ್ತಿರುವುದು ಮಾತ್ರ ಕಾಣುತ್ತಿತ್ತು. ಒಬ್ಬರು ಹಿರಿಯ ಪುಣೇಕರ್ ಧಣಿಗೆ ದೂರು ಕೊಟ್ಟರು: "ನಾನು ಆರ್ಡರ್ ಕೊಟ್ಟ ಕೂಡಲೇ ನಿಮ್ಮ ಅಡುಗೆಯವರು ಕುಣಿಯುತ್ತಾರೆ. ಇದು ಸಂತೋಷವೋ ಅಣಕವೋ?"

ಈ ಊರಿನಲ್ಲಿ ಯಾವ ಸಮಸ್ಯೆಗೂ ಪರಿಹಾರ ಒಂದೇ, ಬೋರ್ಡು. ಧಣಿ ಮರುದಿನ ಕಾವಲಿಯ ಮೇಲೆ ಮರಾಠಿಯಲ್ಲಿ ಒಂದು ಬೋರ್ಡು ತೂಗುಹಾಕಿದರು. ಕನ್ನಡದಲ್ಲಿ ಹೇಳುವುದಾದರೆ:

"ಭಟ್ಟರು ಕುಣಿಯುತ್ತಿಲ್ಲ. ಡಾಕ್ಟರ ಅಪ್ಪಣೆ. ಕಾರಣ ಕೇಳಬಾರದು. ಅವಸರ ಇದ್ದವರು ಎಣಿಸಲು ಸಹಾಯ ಮಾಡಬಹುದು."

ಈಗ ಬೆಳಿಗ್ಗೆ ಎಂಟು ಗಂಟೆಗೆ ಹೋಟೆಲಿನೊಳಗೆ ಹೋದರೆ ಮೂವತ್ತು ಜನ ಒಟ್ಟಿಗೆ ಎಣಿಸುತ್ತಿರುತ್ತಾರೆ. ದೂರು ಕೊಟ್ಟ ಹಿರಿಯರದೇ ದೊಡ್ಡ ಧ್ವನಿ.

ಚೀಟಿ

ಮೂರು ತಿಂಗಳಾಯಿತು. ಹೊಸ ಸ್ಟೂಲು ಆಗಲೇ ಬಂದು ಅಡುಗೆಮನೆಯ ಮೂಲೆಯಲ್ಲಿ ಕೂತಿತ್ತು. ಭಟ್ಟರು ಅದರ ಕಡೆ ನೋಡುತ್ತಿರಲಿಲ್ಲ. ಆ ದಿನ ಬೆಳಿಗ್ಗೆ ಅವರು ಹುಯ್ದ ದೋಸೆಗಳು ಸರಿಯಾಗಿ ದುಂಡಗಾಗಲಿಲ್ಲ, ಯಾರೂ ಹೇಳಲಿಲ್ಲ.

ಈ ಸಲ ನಾನು ಸ್ಕೂಟರ್ ತರಲಿಲ್ಲ. ರಿಕ್ಷಾದಲ್ಲಿ ಬಂದು ಭಟ್ಟರ ಭುಜ ಹಿಡಿದೇ ಒಳಗೆ ಹೋದೆ. ಅದೇ ಡಾಕ್ಟರಮ್ಮ. ಭಟ್ಟರನ್ನು ಮಂಚದ ಮೇಲೆ ಕೂರಿಸಿ, ಸಾಕ್ಸ್ ತೆಗೆಸಿ, ಬೆರಳಿನಿಂದ ಅಲ್ಲಲ್ಲಿ ಒತ್ತಿದರು.

"ಬಾವು ಇಳಿದಿದೆ. ಚರ್ಮ ಮೆತ್ತಗಾಗಿದೆ. ನಾಳ ಹೋಗಿಲ್ಲ, ಸಾಕ್ಸಿನಿಂದ ಅದು ಹೋಗುವುದೂ ಇಲ್ಲ. ಮಳೆಗಾಲ ಮುಗಿದ ಮೇಲೆ ಲೇಸರ್ ಮಾಡೋಣ, ಅದೇ ದಿನ ಮನೆಗೆ ಹೋಗಬಹುದು."

ನಾನು ಕನ್ನಡಕ್ಕೆ ತಿರುಗಿಸಿದೆ. ಭಟ್ಟರಿಗೆ ಬೇಕಾದದ್ದು ಅದಲ್ಲ.

"ನಿಲ್ಲಬಹುದಾ ಅಂತ ಕೇಳಿ ಮೇಷ್ಟ್ರೇ."

ಕೇಳಿದೆ. ಡಾಕ್ಟರಮ್ಮ ಚೀಟಿ ಎಳೆದುಕೊಂಡು ಬರೆದರು: ನಿಂತು ಕೆಲಸ ಮಾಡಬಹುದು. ಅಲುಗಾಡದೆ ನಿಲ್ಲಬಾರದು. ಗಂಟೆಗೊಮ್ಮೆ ಐದು ನಿಮಿಷ ನಡೆಯಬೇಕು. ಮೂರನೆಯ ಸಾಲು ಕೇಳುವ ಹೊತ್ತಿಗೆ ಭಟ್ಟರ ಕಣ್ಣು ತುಂಬಿತ್ತು. ಚೀಟಿಯನ್ನು ನಾಲ್ಕಾಗಿ ಮಡಿಸಿ ಅಂಗಿಯ ಒಳಜೇಬಿನಲ್ಲಿಟ್ಟು, ಮೇಲಿನಿಂದ ಎರಡು ಸಲ ಮುಟ್ಟಿ ನೋಡಿಕೊಂಡರು.

ನಾವು ಹೊರಡಲು ಎದ್ದೆವು.

"ಆಣಿ ತುಮ್ಹೀ?" ಎಂದರು ಡಾಕ್ಟರಮ್ಮ. ಮತ್ತೆ ನೀವು?

"ನಾನು ಬರೀ ದುಭಾಷಿ."

"ಒಳಗೆ ಬಂದಾಗಿನಿಂದ ನಾಲ್ಕು ಸಲ ಕಾಲು ಬದಲಿಸಿ ನಿಂತಿರಿ. ಪ್ಯಾಂಟ್ ಸ್ವಲ್ಪ ಮೇಲೆತ್ತಿ."

ತರಗತಿಗೆ ತಡವಾಗುತ್ತದೆ ಎಂದೆ. ಪ್ಯಾಂಟ್ ಎತ್ತಿ ಎಂದರು. ಎತ್ತಿದೆ. ಸಾಕ್ಸ್ ಇಳಿಸಿ ಎಂದರು. ಇಳಿಸಿದೆ. ಭಟ್ಟರು ಬಗ್ಗಿ ನೋಡಿ, "ಓಹೋ, ಮೇಷ್ಟ್ರದ್ದೂ ಗಂಡೇ," ಎಂದರು.

ಡಾಕ್ಟರಮ್ಮ ಪೆನ್ನು ಎತ್ತಿದರು. "ಕಧೀ ಪಾಸೂನ್?" ಎಂದಿನಿಂದ?

ಯಾರನ್ನೂ ನಂಬದ ನಾನು, ಪ್ರತಿ ಬಾಟಲಿಯ ಹಿಂದೆ ಬರೆದದ್ದನ್ನೂ ಓದುವ ನಾನು, ಎಣ್ಣೆಯವನ ಫ್ಲೆಕ್ಸಿನಲ್ಲಿ ಹೆಬ್ಬೆರಳು ಹುಡುಕಿದ ನಾನು, ಶುದ್ಧ ಮರಾಠಿಯಲ್ಲಿ ಹೇಳಿದೆ:

"ಕಾಲ್ ಪಾಸೂನ್."

"ಕಾಲ್ ನಾಹೀ ಡಾಕ್ಟರ್!" ಎಂದು ಭಟ್ಟರು ಹಿಂದಿನಿಂದ ಕೂಗಿದರು. "ಅಕರಾ ವರ್ಷ! ಅಕರಾ!" ಹತ್ತು ಬೆರಳು ತೋರಿಸಿ, ಮೇಲೊಂದು ತೋರಿಸಿದರು.

"ಭಟ್ರೇ, ನಿಮಗೇನು ಗೊತ್ತು?"

"ಗೊತ್ತಿಲ್ಲದೆ ಎಂತ? ಹನ್ನೊಂದು ವರ್ಷದಿಂದ ನೀವು ಎದುರಿನ ಬೆಂಚಿನಲ್ಲಿ ಕಾಲು ಚಾಚಿ ದೋಸೆ ತಿನ್ನುದು. ಆ ಬೆಂಚಿಗೆ ಬೇರೆ ಗಿರಾಕಿ ಕೂರಿಸಬೇಡಿ, ಮೇಷ್ಟ್ರಿಗೆ ಕಾಲು ನೋವುಂಟು ಅಂತ ವೇಟರಿಗೆ ಹೇಳಿದ್ದೇ ನಾನು. ಕಾವಲಿಯಿಂದ ಎಲ್ಲ ಕಾಣ್ತದೆ ಮಾರಾಯ್ರೆ."

ಡಾಕ್ಟರಮ್ಮ ನನಗೂ ಬಿಗಿ ಸಾಕ್ಸ್ ಬರೆದರು. ಸ್ಕ್ಯಾನಿನ ದಿನ ಕೊಟ್ಟರು. ತರಗತಿಯಲ್ಲಿ ಎಲ್ಲ ಹೊತ್ತೂ ನಿಂತು ಪಾಠ ಮಾಡಬಾರದು, ನಡುನಡುವೆ ಕೂರಲು ಒಂದು ಸ್ಟೂಲು ಇಟ್ಟುಕೊಳ್ಳಿ ಎಂದರು.

"ಸ್ಟೂಲಾ?" ಎಂದು ಭಟ್ಟರು ಆ ಒಂದು ಪದ ಹಿಡಿದರು. "ಬೇರೆ ತರಬೇಡಿ ಮೇಷ್ಟ್ರೇ. ನಮ್ಮಲ್ಲಿ ಹೊಸದೊಂದು ಖಾಲಿ ಬಿದ್ದುಂಟು."

ಡಾಕ್ಟರಮ್ಮ ನನ್ನ ಕೇಸ್ ಪೇಪರಿನಲ್ಲಿ ಕೊನೆಯ ಸಾಲು ತುಂಬುತ್ತಿದ್ದರು, ನನ್ನ ಕಣ್ಣು ಅಭ್ಯಾಸಬಲದಿಂದ ತಲೆಕೆಳಗಾಗಿ ಓದುತ್ತಿತ್ತು: ಮಾಹಿತಿ ಕೊಟ್ಟವರು, ಜೊತೆಗೆ ಬಂದ ದೋಸೆ ಭಟ್ಟರು. ಸಂಪೂರ್ಣ ನಂಬಲರ್ಹರು.